ರೋಮನ್ನರ ರಾಜಧಾನಿ ಎಲ್ಲೆಲ್ಲಿ ಓಡಾಡಿತು? ಪದೇ ಪದೇ ಕೇಳುವ ಪ್ರಶ್ನೆಗಳು

ರೋಮನ್ ಸಾಮ್ರಾಜ್ಯದ ರಾಜಧಾನಿ ಯಾವುದು ಅಂತ ಕೇಳಿದರೆ ಎಲ್ಲರೂ ರೋಮ್ ಅನ್ನುತ್ತಾರೆ. ಇನ್ನೂ ಸ್ವಲ್ಪ ಓದಿಕೊಂಡವರು "ಆಮೇಲೆ ಕಾನ್‌ಸ್ಟಾಂಟಿನೋಪಲ್", ಅಂದರೆ ಈಗಿನ ಇಸ್ತಾಂಬುಲ್, ಅಂತ ಸೇರಿಸುತ್ತಾರೆ. ಎರಡೂ ಸರಿಯೇ. ಆದರೆ ಈ ಎರಡು ಊರುಗಳ ನಡುವೆ ಒಂದು ಉದ್ದನೆಯ ದಾರಿ ಇದೆ. ಆ ದಾರಿಯ ಮೇಲೆ ಟ್ರಿಯರ್, ಮಿಲಾನ್, ಸಿರ್ಮಿಯಮ್, ನಿಕೊಮೀಡಿಯಾ ಅಂತ ಎಷ್ಟೋ ಊರುಗಳು ಒಂದಷ್ಟು ಕಾಲ ರಾಜಧಾನಿ ಆಗಿದ್ದವು. ನನ್ನನ್ನು ಈ ಇತಿಹಾಸಕ್ಕೆ ಕಟ್ಟಿಹಾಕಿದ್ದು ಆ ದಾರಿಯೇ. ಗೆಳೆಯರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ರಾಜಧಾನಿ ರೋಮ್‌ನಿಂದ ಕಾನ್‌ಸ್ಟಾಂಟಿನೋಪಲ್‌ಗೆ ಯಾವ ವರ್ಷ ಹೋಯಿತು?

ಪರೀಕ್ಷೆಗೆ ಬೇಕಾದರೆ ಕ್ರಿ.ಶ. 330 ಅಂತ ಬರೆಯಿರಿ. ಆ ವರ್ಷದ ಮೇ 11ರಂದು ಚಕ್ರವರ್ತಿ ಕಾನ್‌ಸ್ಟಾಂಟೀನ್ ತನ್ನ ಹೊಸ ಊರನ್ನು ಅದ್ದೂರಿಯಾಗಿ ಉದ್ಘಾಟಿಸಿದ.

ಆದರೆ "ಇವತ್ತಿನಿಂದ ರೋಮ್ ರಾಜಧಾನಿ ಅಲ್ಲ" ಅಂತ ಅವತ್ತು ಯಾರೂ ಸಾರಲಿಲ್ಲ. ರೋಮ್‌ನಲ್ಲಿ ಸೆನೆಟ್ ಅನ್ನುವ ಹಿರಿಯರ ಸಭೆ ಇದ್ದೇ ಇತ್ತು. ಊರಿನ ಜನರಿಗೆ ಹಂಚುವ ರೊಟ್ಟಿ ಹಾಗೇ ಮುಂದುವರಿಯಿತು. ಇನ್ನೂ ಒಂದು ಮಾತಿದೆ. 330ಕ್ಕಿಂತ ಎಷ್ಟೋ ಮೊದಲೇ ಚಕ್ರವರ್ತಿಗಳು ರೋಮ್‌ನಲ್ಲಿ ವಾಸ ಮಾಡುವುದನ್ನು ಬಿಟ್ಟಿದ್ದರು. 284ರಿಂದ 305ರವರೆಗೆ ಆಳಿದ ಡಯೊಕ್ಲೀಷಿಯನ್ ರೋಮ್‌ಗೆ ಬಂದದ್ದು ನಮಗೆ ಖಚಿತವಾಗಿ ಗೊತ್ತಿರುವುದು ಒಂದೇ ಸಲ, 303ರಲ್ಲಿ, ಆಳ್ವಿಕೆಯ 20ನೇ ವರ್ಷದ ಹಬ್ಬಕ್ಕೆ. ಅಲ್ಲಿನ ಜನರ ಸಲಿಗೆ ಅವನಿಗೆ ಹಿಡಿಸಲಿಲ್ಲ. ಹೊಸ ವರ್ಷಕ್ಕೂ ಕಾಯದೆ ಡಿಸೆಂಬರ್ ಚಳಿಯಲ್ಲೇ ರವೆನ್ನಾ ಕಡೆ ಹೊರಟುಬಿಟ್ಟ. ದಾರಿಯಲ್ಲಿ ಕಾಯಿಲೆ ಬಿದ್ದ.

306ರಿಂದ 312ರವರೆಗೆ ಮ್ಯಾಕ್ಸೆಂಟಿಯಸ್ ಮಾತ್ರ ರೋಮ್‌ನಲ್ಲೇ ಕೂತು ಆಳಿದ. ಅವನನ್ನು ಕಾನ್‌ಸ್ಟಾಂಟೀನ್ ಮಿಲ್ವಿಯನ್ ಸೇತುವೆಯ ಹತ್ತಿರ ಸೋಲಿಸಿದ.

ಚಕ್ರವರ್ತಿ ಊರಲ್ಲಿ ಇಲ್ಲದಿದ್ದರೆ ರಾಜಧಾನಿ ಅಂತ ಹೇಗೆ ಕರೆಯುತ್ತೀರಿ?

ಇದಕ್ಕೆ ಕನ್ನಡದಲ್ಲೇ ಒಂದು ಒಳ್ಳೆಯ ಪದ ಇದೆ: ನೆಲೆವೀಡು. ನಮ್ಮ ಶಾಸನಗಳಲ್ಲಿ ಅರಸ ಇಂಥ ನೆಲೆವೀಡಿನಲ್ಲಿ ಸುಖಸಂಕಥಾವಿನೋದದಿಂದ ರಾಜ್ಯವಾಳುತ್ತಿದ್ದ ಅಂತ ಬರುತ್ತದೆ ಅಲ್ವಾ? ಅರಸ ಬೀಡು ಬಿಟ್ಟ ಜಾಗವೇ ಆಡಳಿತದ ಜಾಗ. ಟ್ರಿಯರ್, ಸಿರ್ಮಿಯಮ್ ಇಂಥ ಊರುಗಳನ್ನು 'ರಾಜಧಾನಿ' ಅನ್ನುವುದಕ್ಕಿಂತ 'ನೆಲೆವೀಡು' ಅಂದರೆ ಎಲ್ಲ ಸಲೀಸಾಗಿ ಅರ್ಥವಾಗುತ್ತದೆ.

ಲ್ಯಾಟಿನ್‌ನಲ್ಲಿ ಚಕ್ರವರ್ತಿಯ ಜೊತೆ ಓಡಾಡುವ ಪರಿವಾರಕ್ಕೆ ಕೊಮಿಟಾಟಸ್ ಅನ್ನುತ್ತಿದ್ದರು. ಕಾವಲು ಪಡೆ, ಕಾನೂನು ಬಲ್ಲವರು, ಬರೆಯುವವರು, ಖಜಾನೆಯವರು, ಕಡತದ ಪೆಟ್ಟಿಗೆಗಳು ಎಲ್ಲವೂ ಗಾಡಿ ಏರಿ ಹೊರಡುತ್ತಿದ್ದವು. ನಾಲ್ಕನೇ ಶತಮಾನದ ಕೊನೆಯ ಹೊತ್ತಿಗೆ ಚಿನ್ನದ ನಾಣ್ಯ ಹೊಡೆಯುವ ಕೆಲಸವೂ ಈ ಪರಿವಾರದ ಜೊತೆಗೇ ಸಾಗುತ್ತಿತ್ತು.

ಇದೆಲ್ಲ ನಮಗೆ ಹೇಗೆ ಗೊತ್ತು? ಕಾನೂನುಗಳ ಕೊನೆಯ ಸಾಲಿನಿಂದ. ಚಕ್ರವರ್ತಿ ಹೊರಡಿಸಿದ ಒಂದೊಂದು ಆಜ್ಞೆಯ ಅಡಿಯಲ್ಲೂ ದಿನ ಮತ್ತು ಊರಿನ ಹೆಸರು ಬರೆಯುತ್ತಿದ್ದರು. ಆ ಸಾಲುಗಳನ್ನು ತಾರೀಖಿನ ಪ್ರಕಾರ ಜೋಡಿಸಿದರೆ ಅವನು ಯಾವ ತಿಂಗಳು ಎಲ್ಲಿದ್ದ ಅಂತ ನಕ್ಷೆಯ ಮೇಲೆ ಬೆರಳಿಟ್ಟು ತೋರಿಸಬಹುದು. ಯಾರದೋ ಮನೆ ಪಾಲಿನ ಜಗಳಕ್ಕೆ ಕೊಟ್ಟ ತೀರ್ಪಿನ ಅಡಿಟಿಪ್ಪಣಿಯೇ ಇವತ್ತು ಪ್ರವಾಸದ ದಿನಚರಿ.

ರೋಮ್ ಬಿಟ್ಟು ಹೋಗುವ ಅಗತ್ಯ ಏನಿತ್ತು?

ಗಡಿ ದೂರ ಇತ್ತು. ಅಪಾಯ ಇದ್ದದ್ದು ರೈನ್, ಡಾನ್ಯೂಬ್, ಯುಫ್ರೆಟಿಸ್ ನದಿಗಳ ಹತ್ತಿರ. ಸೈನ್ಯವೂ ಅಲ್ಲೇ. ಮೂರನೇ ಶತಮಾನದಲ್ಲಿ, 235ರಿಂದ ಸುಮಾರು 50 ವರ್ಷ, ಸೈನ್ಯ ತನಗೆ ಬೇಕಾದವರನ್ನು ಚಕ್ರವರ್ತಿ ಅಂತ ಸಾರುತ್ತಿತ್ತು, ಬೇಡ ಅನಿಸಿದಾಗ ಕೊಲ್ಲುತ್ತಿತ್ತು. ಸೈನ್ಯದಿಂದ ದೂರ ಕೂತ ಚಕ್ರವರ್ತಿಯ ಜಾಗಕ್ಕೆ ಇನ್ನೊಬ್ಬ ಹುಟ್ಟಿಕೊಳ್ಳುತ್ತಿದ್ದ.

ಡಯೊಕ್ಲೀಷಿಯನ್ ಇದಕ್ಕೆ ಒಂದು ದಾರಿ ಹುಡುಕಿದ. 286ರಲ್ಲಿ ಮ್ಯಾಕ್ಸಿಮಿಯನ್‌ನನ್ನು ಸಮಾನ ಜೊತೆಗಾರನಾಗಿ ಮಾಡಿಕೊಂಡ. 293ರಲ್ಲಿ ಇನ್ನಿಬ್ಬರು ಕಿರಿಯರನ್ನು ಸೇರಿಸಿಕೊಂಡ. ನಾಲ್ವರು ಆಳುವವರು, ನಾಲ್ಕು ಪರಿವಾರ, ಗಡಿಗೆ ಹತ್ತಿರದಲ್ಲಿ ಹಲವು ನೆಲೆವೀಡು. ರೋಮ್ ಈ ನಾಲ್ವರಲ್ಲಿ ಯಾರಿಗೂ ಬೇಕಾಗಲಿಲ್ಲ.

ಆ ಊರುಗಳು ಯಾವುವು? ಅವನ್ನೇ ಯಾಕೆ ಆರಿಸಿಕೊಂಡರು?

ಪಶ್ಚಿಮದಿಂದ ಶುರು ಮಾಡೋಣ. ಈಗಿನ ಜರ್ಮನಿಯ ಟ್ರಿಯರ್, ರೈನ್ ಗಡಿಯನ್ನು ನೋಡಿಕೊಳ್ಳಲು. ಆಲ್ಪ್ಸ್ ಕಣಿವೆಗಳ ಬಾಯಲ್ಲಿ ಮಿಲಾನ್. ಡಾನ್ಯೂಬ್ ಹತ್ತಿರ ಸಿರ್ಮಿಯಮ್, ಇದು ಈಗಿನ ಸರ್ಬಿಯಾದ ಸ್ರೆಮ್ಸ್ಕಾ ಮಿತ್ರೊವಿತ್ಸಾ. ಗ್ರೀಸ್‌ನಲ್ಲಿ ಥೆಸಲೊನೀಕಿ. ಈಗಿನ ಟರ್ಕಿಯ ಇಜ್ಮಿತ್ ಇರುವಲ್ಲಿ ನಿಕೊಮೀಡಿಯಾ, ಡಯೊಕ್ಲೀಷಿಯನ್‌ಗೆ ಇಷ್ಟದ ಊರು. ಪರ್ಷಿಯಾ ಜೊತೆ ಯುದ್ಧ ಬಂದಾಗ ಅಂಟಿಯೋಕ್.

ಈಗ ಒಂದು ನಕ್ಷೆ ತೆಗೆದು ಮಿಲಾನ್‌ನಿಂದ ಪೂರ್ವಕ್ಕೆ ಗೆರೆ ಎಳೆಯಿರಿ. ಅಕ್ವಿಲೇಯಾ, ಸಿರ್ಮಿಯಮ್, ಕಾನ್‌ಸ್ಟಾಂಟೀನ್ ಹುಟ್ಟಿದ ನಾಯಿಸಸ್, ಈಗಿನ ಸೋಫಿಯಾ ಆದ ಸೆರ್ದಿಕಾ, ಆಮೇಲೆ ಮುಂದೆ ಕಾನ್‌ಸ್ಟಾಂಟಿನೋಪಲ್ ಆದ ಬೈಜಾಂಟಿಯಮ್, ನಿಕೊಮೀಡಿಯಾ, ಕೊನೆಗೆ ಅಂಟಿಯೋಕ್. ಹೆಚ್ಚು ಕಡಿಮೆ ಎಲ್ಲವೂ ಒಂದೇ ಹೆದ್ದಾರಿಯ ಮೇಲಿವೆ! ಸೈನ್ಯವನ್ನು ಒಂದು ಗಡಿಯಿಂದ ಇನ್ನೊಂದಕ್ಕೆ ಸಾಗಿಸುವ ದಾರಿ ಅದು. ರೋಮ್ ಇರುವುದು ಆ ದಾರಿಯಿಂದ ಎಷ್ಟೋ ದೂರ, ದಕ್ಷಿಣಕ್ಕೆ. ರಾಜಧಾನಿ ಯಾಕೆ ಬದಲಾಯಿತು ಅಂತ ಯಾರಾದರೂ ಕೇಳಿದರೆ ನಾನು ಮೊದಲು ಈ ಗೆರೆಯನ್ನೇ ತೋರಿಸುತ್ತೇನೆ.

ಆ ದಾರಿಯಲ್ಲಿ ಹೋದವರು ಯಾರಾದರೂ ಬರೆದಿಟ್ಟಿದ್ದಾರಾ?

ಇದ್ದಾರೆ, ಮತ್ತು ಅವರ ಬರಹ ನನಗೆ ತುಂಬಾ ಇಷ್ಟ. 333ರಲ್ಲಿ ಈಗಿನ ಫ್ರಾನ್ಸ್‌ನ ಬೋರ್ಡೊ ಊರಿನಿಂದ ಒಬ್ಬ ಯಾತ್ರಿಕರು ಜೆರುಸಲೇಮ್‌ಗೆ ಹೊರಟರು. ಅವರ ಹೆಸರು ಉಳಿದಿಲ್ಲ. ಗಂಡೋ ಹೆಣ್ಣೋ ಅದೂ ಬರಹದಲ್ಲಿ ಇಲ್ಲ. ಉಳಿದಿರುವುದು ಅವರು ನಿಂತ ಜಾಗಗಳ ಪಟ್ಟಿ.

ಪಟ್ಟಿ ಓದುವುದಕ್ಕೆ ಬಸ್ಸಿನ ವೇಳಾಪಟ್ಟಿ ಇದ್ದಂತಿದೆ. ಇಲ್ಲಿಂದ ಅಲ್ಲಿಗೆ ಇಷ್ಟು ಮೈಲಿ. ಇದು ಕುದುರೆ ಬದಲಿಸುವ ಜಾಗ, ಇದು ರಾತ್ರಿ ತಂಗುವ ಜಾಗ, ಇದು ಊರು. ಬೋರ್ಡೊದಿಂದ ಕಾನ್‌ಸ್ಟಾಂಟಿನೋಪಲ್‌ಗೆ 2,221 ಮೈಲಿ, 230 ಕುದುರೆ ಬದಲಿ, 112 ತಂಗುದಾಣ ಅಂತ ಅವರೇ ಲೆಕ್ಕ ಹಾಕಿದ್ದಾರೆ. ರೋಮನ್ ಮೈಲಿ ಅಂದರೆ ಸುಮಾರು 1.48 ಕಿಲೋಮೀಟರ್. ಭಾಗಿಸಿ ನೋಡಿ: ಒಂದು ತಂಗುದಾಣದಿಂದ ಇನ್ನೊಂದಕ್ಕೆ ಸರಾಸರಿ 30 ಕಿಲೋಮೀಟರ್. ಒಂದು ದಿನದ ನಡಿಗೆ.

ಮಧ್ಯೆ ಎಲ್ಲೋ ಒಂದೊಂದು ಕಡೆ ಮಾತ್ರ ಪೆನ್ನು ನಿಲ್ಲುತ್ತದೆ. ನಿಕೊಮೀಡಿಯಾ ಹತ್ತಿರದ ಲಿಬಿಸ್ಸಾದಲ್ಲಿ, ಆಫ್ರಿಕಾದವರ ಅರಸನಾಗಿದ್ದವನ ಸಮಾಧಿ ಇಲ್ಲಿದೆ ಅಂತ ಒಂದು ಸಾಲು. ಅದು ಕಾರ್ಥೇಜ್‌ನ ಸೇನಾಪತಿ ಹ್ಯಾನಿಬಲ್‌ನ ಸಮಾಧಿ. ರೋಮ್ ಅನ್ನು ನಡುಗಿಸಿದವನಿಗೆ ಒಂದೇ ಸಾಲು ಬರೆದು ಮುಂದೆ ಹೋಗುತ್ತಾರೆ. ಉದ್ಘಾಟನೆಯಾಗಿ ಮೂರೇ ವರ್ಷ ಆಗಿದ್ದ ಕಾನ್‌ಸ್ಟಾಂಟಿನೋಪಲ್ ಬಗ್ಗೆಯೂ ವರ್ಣನೆ ಇಲ್ಲ. ಜೆರುಸಲೇಮ್ ತಲುಪಿದ ಮೇಲೆಯೇ ಮಾತು ಬಿಚ್ಚುತ್ತದೆ. ಹೊಸ ರಾಜಧಾನಿ ಅವರಿಗೆ ದೊಡ್ಡ ಸುದ್ದಿಯಾಗಿರಲಿಲ್ಲ. ಮೇ 30ರಂದು ಕಾನ್‌ಸ್ಟಾಂಟಿನೋಪಲ್‌ನ ಎದುರು ದಡದ ಕ್ಯಾಲ್ಸಿಡನ್‌ನಿಂದ ಹೊರಟು ಡಿಸೆಂಬರ್ ಕೊನೆಗೆ ವಾಪಸ್ ಬಂದೆವು ಅಂತ ತಾರೀಖು ಮಾತ್ರ ಶಿಸ್ತಾಗಿ ಬರೆದಿದ್ದಾರೆ.

ಕುದುರೆ ಬದಲಿಸುವ ಜಾಗಗಳಲ್ಲಿದ್ದ ಸರ್ಕಾರಿ ಕುದುರೆಗಳನ್ನು ಯಾರು ಬೇಕಾದರೂ ಬಳಸಬಹುದಿತ್ತಾ?

ಇಲ್ಲ. ಮೊದಲ ಚಕ್ರವರ್ತಿ ಆಗಸ್ಟಸ್ ಶುರು ಮಾಡಿದ ಈ ವ್ಯವಸ್ಥೆ ಸರ್ಕಾರದ ಕೆಲಸಕ್ಕೆ ಮಾತ್ರ. ಕೈಯಲ್ಲಿ ಪರವಾನಗಿ ಪತ್ರ ಇರಬೇಕು. ಕಿರಿಯ ಪ್ಲಿನಿ ಅನ್ನುವವನು ನಿಕೊಮೀಡಿಯಾ ಇರುವ ಬಿಥಿನಿಯಾ ಪ್ರಾಂತ್ಯಕ್ಕೆ ರಾಜ್ಯಪಾಲನಾಗಿದ್ದ. ಅವನ ಹೆಂಡತಿ ಕಲ್ಪೂರ್ನಿಯಾಳ ಅಜ್ಜ ತೀರಿಕೊಂಡ ಸುದ್ದಿ ಬಂತು. ಅವಳಿಗೆ ಬೇಗ ಹೋಗಿ ಸೋದರತ್ತೆಯನ್ನು ನೋಡಬೇಕು. ಪ್ಲಿನಿ ತನ್ನಲ್ಲಿದ್ದ ಪರವಾನಗಿ ಕೊಟ್ಟು ಕಳಿಸಿದ. ಆಮೇಲೆ ಮನಸ್ಸು ತಡೆಯದೆ ಚಕ್ರವರ್ತಿ ಟ್ರಾಜನ್‌ಗೆ ಪತ್ರ ಬರೆದು ತಪ್ಪೊಪ್ಪಿಕೊಂಡ. ನೀನು ಮಾಡಿದ್ದು ಸರಿ ಅಂತ ಟ್ರಾಜನ್ ಉತ್ತರ ಕೊಟ್ಟ. ಎರಡು ಪತ್ರವೂ ಉಳಿದಿವೆ. ಸಾವಿನ ಮನೆಗೆ ಹೋಗುವ ಅವಸರ, ಸರ್ಕಾರಿ ಗಾಡಿ ಬಳಸಿದ ಅಳುಕು, ಎರಡೂ ನಮಗೆ ಚೆನ್ನಾಗಿ ಗೊತ್ತಿರುವವೇ.

ಹೊರೆಗೂ ಮಿತಿ ಇತ್ತು. 357ರ ಒಂದು ಕಾನೂನಿನ ಪ್ರಕಾರ ದೊಡ್ಡ ಗಾಡಿಗೆ 1,000 ರೋಮನ್ ಪೌಂಡ್, ಅಂದರೆ ಸುಮಾರು 330 ಕಿಲೋ. ಎರಡು ಚಕ್ರದ ಗಾಡಿಗೆ 200 ಪೌಂಡ್. ಅಂಚೆ ಕುದುರೆಗೆ 30 ಪೌಂಡ್. ಪ್ರಾಣಿಗಳು ಸಾಯುತ್ತಿದ್ದವು ಅನ್ನುವುದಕ್ಕೇ ಈ ನಿಯಮ. ಆ ಕುದುರೆ, ಮೇವು, ಎಲ್ಲದರ ಭಾರ ಬೀಳುತ್ತಿದ್ದದ್ದು ದಾರಿ ಬದಿಯ ಊರಿನವರ ಮೇಲೆ.

ರೋಮ್‌ನಿಂದ ಕಾನ್‌ಸ್ಟಾಂಟಿನೋಪಲ್‌ಗೆ ಎಷ್ಟು ದಿನ ಬೇಕಿತ್ತು?

ರೋಮ್‌ನಿಂದ ಬ್ರಿಂಡಿಸಿ ಬಂದರಿಗೆ ಅಪ್ಪಿಯನ್ ರಸ್ತೆ. ಕ್ರಿ.ಪೂ. 312ರಲ್ಲಿ ಶುರುವಾದ ರಸ್ತೆ ಅದು. ಅಲ್ಲಿಂದ ಹಡಗಿನಲ್ಲಿ ಏಡ್ರಿಯಾಟಿಕ್ ಸಮುದ್ರ ದಾಟಬೇಕು. ಆಚೆ ದಡದಿಂದ ಎಗ್ನಾಷಿಯಾ ರಸ್ತೆ, ಸುಮಾರು 1,100 ಕಿಲೋಮೀಟರ್. ನೆಲದ ದಾರಿಯೇ ಒಟ್ಟು 1,600 ಕಿಲೋಮೀಟರ್ ದಾಟುತ್ತದೆ. ದಿನಕ್ಕೆ 30 ಕಿಲೋಮೀಟರ್ ಹೋಗುವವರಿಗೆ ಎರಡು ತಿಂಗಳು. ದಿನಕ್ಕೆ 50 ಮೈಲಿ ಓಡುವ ಸರ್ಕಾರಿ ದೂತನಿಗೆ ಮೂರು ವಾರದ ಮೇಲೆ.

ಇದಕ್ಕಿಂತ ಜೋರಾಗಿ ಹೋದವರೂ ಇದ್ದಾರೆ. ಕ್ರಿ.ಪೂ. 9ರಲ್ಲಿ ಜರ್ಮನಿಯಲ್ಲಿ ತಮ್ಮ ಡ್ರೂಸಸ್ ಸಾಯುವ ಸ್ಥಿತಿಯಲ್ಲಿದ್ದಾಗ, ಮುಂದೆ ಚಕ್ರವರ್ತಿಯಾದ ಟೈಬೀರಿಯಸ್ ಒಂದೇ ಹಗಲು ರಾತ್ರಿಯಲ್ಲಿ 200 ಮೈಲಿ ಗಾಡಿ ಓಡಿಸಿದ ಅಂತ ದಾಖಲೆ ಇದೆ.

ಸಮುದ್ರದ ದಾರಿ ಸುಲಭ ಅಲ್ವಾ?

ಸಾಮಾನು ಸಾಗಿಸಲು ಅಗ್ಗ. ಆದರೆ ವರ್ಷವಿಡೀ ಆಗುತ್ತಿರಲಿಲ್ಲ. ನವೆಂಬರ್ ಮಧ್ಯದಿಂದ ಮಾರ್ಚ್ 10ರ ಹೊತ್ತಿನವರೆಗೆ ಸಮುದ್ರ 'ಮುಚ್ಚಿದೆ' ಅನ್ನುತ್ತಿದ್ದರು. ನಿಜವಾಗಿ ಭಯವಿಲ್ಲದ ಕಾಲ ಮೇ ಕೊನೆಯಿಂದ ಸೆಪ್ಟೆಂಬರ್ ಮಧ್ಯದವರೆಗೆ ಮಾತ್ರ.

ರಾತ್ರಿ ಎಲ್ಲಿ ಉಳಿಯುತ್ತಿದ್ದರು? ಖರ್ಚು ಎಷ್ಟು ಬರುತ್ತಿತ್ತು?

ಉಳ್ಳವರು ಪರಿಚಯದವರ ಮನೆಯಲ್ಲಿ. ಉಳಿದವರು ದಾರಿ ಬದಿಯ ಛತ್ರದಂಥ ಅಂಗಡಿಗಳಲ್ಲಿ. ಇಟಲಿಯ ಇಸೆರ್ನಿಯಾದಲ್ಲಿ ಸಿಕ್ಕ ಒಂದು ಕಲ್ಲಿನ ಮೇಲೆ ಗಿರಾಕಿಯೊಬ್ಬ ಅಂಗಡಿಯವರ ಜೊತೆ ಲೆಕ್ಕ ಮಾಡುವ ಮಾತುಕತೆ ಕೆತ್ತಿದ್ದಾರೆ. ಕೆಳಗೆ ಹೇಸರಗತ್ತೆ ಹಿಡಿದು ನಿಂತವನ ಚಿತ್ರ. ವೈನ್ ಮತ್ತು ರೊಟ್ಟಿಗೆ ಒಂದು ಆಸ್, ನಂಚಿಕೊಳ್ಳಲು ಎರಡು, ಹೆಣ್ಣಿಗೆ ಎಂಟು, ಹೇಸರಗತ್ತೆಯ ಹುಲ್ಲಿಗೆ ಎರಡು. ಆಸ್ ಅಂದರೆ ಅವರ ತಾಮ್ರದ ಚಿಲ್ಲರೆ ಕಾಸು. ಮೊದಲ ಮೂರಕ್ಕೆ ಸರಿ ಸರಿ ಅಂದವನು ಹುಲ್ಲಿನ ಲೆಕ್ಕ ಬಂದಾಗ, ಈ ಕತ್ತೆ ನನ್ನನ್ನು ಮುಳುಗಿಸುತ್ತದೆ ಅನ್ನುತ್ತಾನೆ. ಓದಿದವರು ನಗಲಿ ಅಂತಲೇ ಕೆತ್ತಿಸಿದ್ದು. ನನಗೆ ಮಾತ್ರ ಆ ಮೂರನೇ ಲೆಕ್ಕದಲ್ಲೇ ಕಣ್ಣು ನಿಲ್ಲುತ್ತದೆ. ಅವಳ ಹೆಸರು ಆ ಕಲ್ಲಿನ ಮೇಲೆ ಎಲ್ಲೂ ಇಲ್ಲ.

ಇನ್ನೊಂದು ಲೆಕ್ಕ ಇದಕ್ಕಿಂತ ಉದ್ದ. ಕಾನ್‌ಸ್ಟಾಂಟೀನ್ ಕಾಲದಲ್ಲಿ ಈಜಿಪ್ಟ್‌ನ ಹರ್ಮೊಪೊಲಿಸ್ ಊರಿನ ಥಿಯೊಫನೀಸ್ ಅನ್ನುವವನು ಸರ್ಕಾರಿ ಕೆಲಸದ ಮೇಲೆ ಅಂಟಿಯೋಕ್‌ಗೆ ಹೋಗಿ ಎರಡು ತಿಂಗಳಿಗೂ ಜಾಸ್ತಿ ಉಳಿದ. ಅವನ ದಿನದಿನದ ಖರ್ಚಿನ ಚೀಟಿಗಳು ಪಪೈರಸ್ ಮೇಲೆ ಉಳಿದಿವೆ, ಈಗ ಮ್ಯಾಂಚೆಸ್ಟರ್‌ನಲ್ಲಿವೆ. ಮೊಟ್ಟೆ, ಮಾಂಸ, ವೈನ್, ಸ್ನಾನದ ಸಾಮಾನು. ರೊಟ್ಟಿಯಲ್ಲಿ ಮಾತ್ರ ಎರಡು ಬಗೆ: ಒಳ್ಳೆಯದು ಅವನಿಗೆ, ಅಗ್ಗದ್ದು ಆಳುಗಳಿಗೆ.

ಅವರ ಹತ್ತಿರ ನಕ್ಷೆ ಇತ್ತಾ?

ದೂರ ಹೋಗುವವರು ಹೆಚ್ಚಾಗಿ ನಂಬಿದ್ದು ಪಟ್ಟಿಯನ್ನು. ರೋಮ್‌ನ ಉತ್ತರಕ್ಕಿರುವ ವಿಕರೆಲ್ಲೊ ಬಿಸಿನೀರ ಬುಗ್ಗೆಯಲ್ಲಿ ನಾಲ್ಕು ಬೆಳ್ಳಿ ಲೋಟ ಸಿಕ್ಕಿವೆ. ಮೈಲಿಗಲ್ಲಿನ ಆಕಾರ. ಲೋಟದ ಸುತ್ತ, ಸ್ಪೇನ್‌ನ ಕಾಡಿಜ್‌ನಿಂದ ರೋಮ್‌ವರೆಗೆ ಬರುವ ಎಲ್ಲ ನಿಲ್ದಾಣಗಳ ಹೆಸರು, ಮೈಲಿ ಸಮೇತ.

ನಕ್ಷೆ ಅಂತ ಉಳಿದಿರುವುದು ಪಾಯ್ಟಿಂಗರ್ ನಕ್ಷೆ. ರೋಮನ್ ಕಾಲದ ನಕ್ಷೆಯನ್ನು ನೋಡಿ ಮಧ್ಯಯುಗದಲ್ಲಿ ತೆಗೆದ ಪ್ರತಿ, ಈಗ ವಿಯೆನ್ನಾದಲ್ಲಿದೆ. ಅಗಲ ಸುಮಾರು ಒಂದೂವರೆ ಗೇಣು, ಉದ್ದ ಆರೂವರೆ ಮೀಟರ್ ದಾಟುತ್ತದೆ. ಇಡೀ ಲೋಕವನ್ನು ರಿಬ್ಬನ್ ಹಾಗೆ ಎಳೆದಿದ್ದಾರೆ. ಇಟಲಿ ಮಲಗಿದೆ, ಸಮುದ್ರಗಳು ಕಾಲುವೆಗಳಾಗಿವೆ. ರಸ್ತೆ ಮಾತ್ರ ಕೆಂಪು ಗೆರೆಯಾಗಿ ಸಾಗುತ್ತದೆ, ಒಂದೊಂದು ನಿಲ್ದಾಣಕ್ಕೂ ಒಂದು ಸಣ್ಣ ಕೊಕ್ಕೆ. ರೋಮ್, ಕಾನ್‌ಸ್ಟಾಂಟಿನೋಪಲ್, ಅಂಟಿಯೋಕ್ ಈ ಮೂರು ಊರಿಗೆ ಮಾತ್ರ ಸಿಂಹಾಸನದ ಮೇಲೆ ಕೂತ ದೇವಿಯ ಚಿತ್ರ. ಒಂದೇ ಹಾಳೆಯ ಮೇಲೆ ಮೂರು ರಾಜಧಾನಿ!

ಬಲತುದಿಗೆ ಹೋದರೆ ಕೇರಳ ಕರಾವಳಿಯ ಮುಜಿರಿಸ್ ಇದೆ. ಪಕ್ಕದಲ್ಲಿ 'ಆಗಸ್ಟಸ್‌ನ ಗುಡಿ' ಅಂತ ಬರೆದು ಒಂದು ಕಟ್ಟಡ. ಮೊದಲ ಸಲ ಆ ತುದಿ ನೋಡಿದಾಗ ನನಗೆ ಮೈ ಜುಂ ಅಂದಿತ್ತು.

ಕಾನ್‌ಸ್ಟಾಂಟೀನ್ ಬೈಜಾಂಟಿಯಮ್ ಅನ್ನೇ ಯಾಕೆ ಹಿಡಿದ?

ಮೊದಲು ಟ್ರಾಯ್ ಹತ್ತಿರ ಕಟ್ಟಲು ಹೊರಟಿದ್ದ ಅಂತ ಹಳೆಯ ಕತೆ ಇದೆ. "ಸೆರ್ದಿಕಾ ನನ್ನ ರೋಮ್" ಅನ್ನುತ್ತಿದ್ದನಂತೆ. 324ರಲ್ಲಿ ಎದುರಾಳಿ ಲಿಸಿನಿಯಸ್‌ನನ್ನು ಬೈಜಾಂಟಿಯಮ್ ಎದುರಿನ ಜಲಸಂಧಿಯ ಅಕ್ಕಪಕ್ಕದಲ್ಲಿ ಸೋಲಿಸಿದ ಮೇಲೆ ಮನಸ್ಸು ಗಟ್ಟಿಯಾಯಿತು. ಡಾನ್ಯೂಬ್ ಕಡೆಯ ಹೆದ್ದಾರಿ, ರೋಮ್ ಕಡೆಯಿಂದ ಬರುವ ಎಗ್ನಾಷಿಯಾ ರಸ್ತೆ, ಏಷ್ಯಾಗೆ ದಾಟುವ ಜಾಗ, ಕಪ್ಪು ಸಮುದ್ರದ ಬಾಯಿ, ನಾಲ್ಕೂ ಅಲ್ಲೇ ಸೇರುತ್ತವೆ. ಮೂರು ಕಡೆ ನೀರು.

ಕೊರತೆಯೂ ಇತ್ತು. ಕುಡಿಯುವ ನೀರು ಕಡಿಮೆ. ದೂರದ ಬೆಟ್ಟಗಳಿಂದ ನೀರು ತರುವ ಮೇಲ್ಗಾಲುವೆ ಮುಗಿದದ್ದು 373ರಲ್ಲಿ, ಚಕ್ರವರ್ತಿ ವಾಲೆನ್ಸ್ ಕಾಲದಲ್ಲಿ. ಅನ್ನ ಬರಬೇಕಾದದ್ದು ಈಜಿಪ್ಟ್‌ನಿಂದ. 332ರಿಂದ 80,000 ಜನರ ಪಾಲಿನ ರೊಟ್ಟಿಯನ್ನು ಪುಕ್ಕಟೆ ಹಂಚಲು ಶುರು ಮಾಡಿದರು. ಬೇಸಿಗೆಯ ಉತ್ತರ ಗಾಳಿ ಎದುರಾದರೆ ಧಾನ್ಯದ ಹಡಗುಗಳು ಡಾರ್ಡನೆಲ್ಸ್ ಜಲಸಂಧಿಯ ಬಾಯಲ್ಲೇ ವಾರಗಟ್ಟಲೆ ಕಾಯಬೇಕಿತ್ತು. ಇದಕ್ಕಾಗಿಯೇ ಆರನೇ ಶತಮಾನದಲ್ಲಿ ಚಕ್ರವರ್ತಿ ಜಸ್ಟಿನಿಯನ್ ಟೆನೆಡೊಸ್ ದ್ವೀಪದಲ್ಲಿ ದೊಡ್ಡ ಕಣಜ ಕಟ್ಟಿಸಿದ. ಹಡಗು ಅಲ್ಲೇ ಹೊರೆ ಇಳಿಸಿ ಈಜಿಪ್ಟ್‌ಗೆ ಮರಳುತ್ತಿತ್ತು.

ತುಘಲಕ್ ದೌಲತಾಬಾದ್‌ಗೆ ಜನರನ್ನು ಓಡಿಸಿದ ಹಾಗೆ ಇಲ್ಲೂ ಆಯಿತಾ?

ಇಲ್ಲ. ಇಲ್ಲಿ ಆಸೆ ತೋರಿಸಿ ಕರೆದರು. ಹೊಸ ಊರಲ್ಲಿ ಮನೆ ಕಟ್ಟಿದವರಿಗೆ ರೊಟ್ಟಿಯ ಪಾಲು ಕೊಟ್ಟರು. ಹೊಸ ಸೆನೆಟ್ ಮಾಡಿದರು.

ರಾಜಧಾನಿ ಓಡಾಡಿದರೆ ಸಾಮಾನ್ಯ ಜನರಿಗೆ ಏನು?

ಅಹವಾಲು ಹಿಡಿದು ಅದರ ಹಿಂದೆ ಓಡಬೇಕಿತ್ತು. ಒಂದು ಕಡೆ ನೆಲೆ ನಿಂತ ಮೇಲೂ ಕಷ್ಟ ಕಡಿಮೆಯಾಗಲಿಲ್ಲ. ಈಗಿನ ಲಿಬಿಯಾದಲ್ಲಿರುವ ಸಿರೀನ್‌ನಿಂದ ಸಿನೇಸಿಯಸ್ ಅನ್ನುವವನು ನಾಲ್ಕನೇ ಶತಮಾನದ ಕೊನೆಗೆ ಕಾನ್‌ಸ್ಟಾಂಟಿನೋಪಲ್‌ಗೆ ಬಂದ. ಊರಿನ ತೆರಿಗೆ ಕಡಿಮೆ ಮಾಡಿಸಬೇಕಿತ್ತು. ಮೂರು ವರ್ಷ ಕಾದ. ದಾಖಲೆ ಕಚೇರಿಯ ಮುಂದೆ ಈಜಿಪ್ಟ್‌ನ ಜಮಖಾನೆ ಹಾಸಿಕೊಂಡು ಮಲಗುತ್ತಿದ್ದ. ಆ ಜಮಖಾನೆಯ ಮೇಲೆ ಅಲ್ಲಿನ ಶೀಘ್ರಲಿಪಿಕಾರನೊಬ್ಬನಿಗೆ ಕಣ್ಣು. ಕೊಡುತ್ತೇನೆ ಅಂತ ಸಿನೇಸಿಯಸ್ ಮಾತು ಕೊಟ್ಟಿದ್ದ. ಕೊನೆಗೆ ಭೂಕಂಪದ ಗಲಾಟೆಯಲ್ಲಿ ಹೇಳದೆ ಹೊರಟುಬಿಟ್ಟ. ಊರಿಗೆ ಹೋದ ಮೇಲೂ ಅದು ಮನಸ್ಸಿನಲ್ಲಿ ಉಳಿದು, ಅವನಿಗೆ ಆ ಜಮಖಾನೆ ತಲುಪಿಸಿ ಅಂತ ಗೆಳೆಯನಿಗೆ ಪತ್ರ ಬರೆದ.

ಆಮೇಲೆ ರೋಮ್‌ಗೆ ಏನಾಯಿತು? ಚಕ್ರವರ್ತಿಗಳು ಬರುತ್ತಲೇ ಇರಲಿಲ್ಲವಾ?

ನೆಂಟರ ಹಾಗೆ ಬರುತ್ತಿದ್ದರು. ಕಾನ್‌ಸ್ಟಾಂಟೀನ್ 326ರ ನಂತರ ಕಾಲಿಡಲಿಲ್ಲ. ಅವನ ಮಗ ಎರಡನೇ ಕಾನ್‌ಸ್ಟಾಂಟಿಯಸ್ 20 ವರ್ಷ ಆಳಿದ ಮೇಲೆ, 357ರಲ್ಲಿ, ಮೊದಲ ಸಲ ರೋಮ್ ನೋಡಿದ. ಚಿನ್ನದ ರಥದಲ್ಲಿ ಕತ್ತು ಅಲ್ಲಾಡಿಸದೆ, ಉಗುಳದೆ, ಮೂಗು ಒರೆಸದೆ ಬೊಂಬೆಯ ಹಾಗೆ ಕೂತು ಬಂದ. ಕುಳ್ಳನಾಗಿದ್ದರೂ ಎತ್ತರದ ಬಾಗಿಲು ಬಂದಾಗ ತಲೆ ತಗ್ಗಿಸುತ್ತಿದ್ದ. ಟ್ರಾಜನ್‌ನ ಚೌಕದಲ್ಲಿ ಮಾತ್ರ ಬೆರಗಾಗಿ ನಿಂತುಬಿಟ್ಟ. ಇಷ್ಟೆಲ್ಲ ಕಟ್ಟಲು ನನ್ನಿಂದ ಆಗದು, ನಡುವೆ ನಿಂತ ಟ್ರಾಜನ್‌ನ ಕುದುರೆಯ ವಿಗ್ರಹದಂಥದ್ದನ್ನು ಮಾತ್ರ ಮಾಡಿಸುತ್ತೇನೆ ಅಂದ. ಜೊತೆಗಿದ್ದ ಪರ್ಷಿಯಾದ ರಾಜಕುಮಾರ ಹೊರ್ಮಿಸ್ದಾಸ್ ಕೈ ತೋರಿಸಿ, ಹಾಗಾದರೆ ಮೊದಲು ಇಂಥ ಲಾಯ ಕಟ್ಟಿಸಿ ಅಂದನಂತೆ. ಕಾನ್‌ಸ್ಟಾಂಟಿಯಸ್ ರೋಮ್‌ನಲ್ಲಿ ನಿಂತದ್ದು ಒಂದು ತಿಂಗಳು. ಡಾನ್ಯೂಬ್ ಗಡಿಯಿಂದ ಕರೆ ಬಂತು, ಹೊರಟ.

ಮಿಲಾನ್ ಬಿಟ್ಟು ರವೆನ್ನಾಗೆ ಹೋದದ್ದು ಯಾಕೆ?

ಭಯದಿಂದ. ಗೋಥರು ಅನ್ನುವ ಜರ್ಮನಿಕ್ ಜನರ ದೊರೆ ಅಲಾರಿಕ್ ಮಿಲಾನ್ ಸುತ್ತುಗಟ್ಟಿದ್ದ. 402ರಲ್ಲಿ ಪಶ್ಚಿಮ ಭಾಗದ ಚಕ್ರವರ್ತಿ ಹೊನೋರಿಯಸ್ ರವೆನ್ನಾ ಸೇರಿದ. ಸುತ್ತ ಜೌಗು ನೆಲ, ಪಕ್ಕದಲ್ಲಿ ಕ್ಲಾಸಿಸ್ ಬಂದರು. ಹಡಗು ಹತ್ತಿ ಪೂರ್ವಕ್ಕೆ ಹೋಗಲು ಸಲೀಸು. 410ರಲ್ಲಿ ಅಲಾರಿಕ್ ರೋಮ್ ಸೂರೆ ಮಾಡಿದಾಗ ಚಕ್ರವರ್ತಿ ಇದ್ದದ್ದು ರವೆನ್ನಾದಲ್ಲೇ.

ಕರ್ನಾಟಕಕ್ಕೂ ಇದಕ್ಕೂ ಏನಾದರೂ ನಂಟು ಇದೆಯಾ?

ನಾಣ್ಯಗಳ ನಂಟು ಇದೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ, ಬೆಂಗಳೂರಿನ ಯಶವಂತಪುರದಲ್ಲಿ ಮೊದಲ ರೋಮನ್ ಚಕ್ರವರ್ತಿಗಳ ಬೆಳ್ಳಿ ನಾಣ್ಯ ಸಿಕ್ಕಿವೆ. ಅವು ರೋಮ್ ಒಂದೇ ರಾಜಧಾನಿ ಆಗಿದ್ದ ಕಾಲದವು. ಹಾನಗಲ್ ತಾಲ್ಲೂಕಿನ ಅಕ್ಕಿಆಲೂರಿನಲ್ಲಿ ಸಿಕ್ಕ ಚಿನ್ನದ ನಾಣ್ಯಗಳಲ್ಲಿ ಹೆಚ್ಚಿನವು ಐದು, ಆರನೇ ಶತಮಾನದವು, ಅಂದರೆ ಕಾನ್‌ಸ್ಟಾಂಟಿನೋಪಲ್‌ನಿಂದ ಆಳಿದ ಚಕ್ರವರ್ತಿಗಳ ಹೆಸರಿನವು. ರಾಜಧಾನಿ ಪೂರ್ವಕ್ಕೆ ಹೋದದ್ದಕ್ಕೆ ನಮ್ಮ ಹಾವೇರಿಯ ಮಣ್ಣಲ್ಲೂ ಗುರುತು ಉಳಿದಿದೆ.

ಈಗ ಹೋಗಿ ಏನು ನೋಡಬಹುದು?

ಜರ್ಮನಿ, ಲಕ್ಸೆಂಬರ್ಗ್ ಕಡೆ ಇರುವ ಕನ್ನಡಿಗರಿಗೆ ಟ್ರಿಯರ್ ಒಂದು ದಿನದ ಪ್ರವಾಸ. ಕಪ್ಪು ಬಾಗಿಲು ಅನ್ನುವ ಪೋರ್ಟಾ ನೀಗ್ರಾ, ಕಾನ್‌ಸ್ಟಾಂಟೀನ್ ಕಾಲದ 67 ಮೀಟರ್ ಉದ್ದದ ದರ್ಬಾರು ಮನೆ, ಎರಡನ್ನೂ ನಡೆದೇ ನೋಡಬಹುದು. ಮಿಲಾನ್‌ನಲ್ಲಿ ಸಾನ್ ಲೊರೆಂಜೊ ಚರ್ಚಿನ ಮುಂದೆ 16 ಕಂಬ ನಿಂತಿವೆ. ಕ್ರೊಯೇಷಿಯಾದ ಸ್ಪ್ಲಿಟ್‌ನಲ್ಲಿ ಡಯೊಕ್ಲೀಷಿಯನ್ ನಿವೃತ್ತಿಗೆ ಕಟ್ಟಿಸಿದ ಅರಮನೆಯೊಳಗೆ ಈಗಲೂ ಜನ ಸಂಸಾರ ಮಾಡುತ್ತಾರೆ, ಬಟ್ಟೆ ಒಣಹಾಕುತ್ತಾರೆ. ರವೆನ್ನಾದ ಮೊಸಾಯಿಕ್‌ಗಳಿಗೆ ಎರಡು ದಿನ ಇಟ್ಟುಕೊಳ್ಳಿ, ಒಂದು ಸಾಲದು.

ಇಸ್ತಾಂಬುಲ್‌ಗೆ ಹೋದರೆ ಹಾಗಿಯಾ ಸೋಫಿಯಾ ನೋಡಿಯೇ ನೋಡುತ್ತೀರಿ. ಅಲ್ಲಿಂದ ನಾಲ್ಕು ಹೆಜ್ಜೆ ದೂರದಲ್ಲಿ, ಟ್ರಾಮ್ ಹಳಿಯ ಹತ್ತಿರ, ತಗ್ಗಿನಲ್ಲಿ ಒಂದು ಒಡೆದ ಕಲ್ಲುಕಂಬ ನಿಂತಿದೆ. ಜನ ಸುಮ್ನೆ ದಾಟಿ ಹೋಗುತ್ತಾರೆ. ಅದರ ಹೆಸರು ಮಿಲಿಯನ್. ಸಾಮ್ರಾಜ್ಯದ ಎಲ್ಲ ಊರುಗಳ ದೂರವನ್ನು ಅಳೆಯುತ್ತಿದ್ದದ್ದು ಅಲ್ಲಿಂದ.